ಮಳೆಗಾಲದ ತಾಳಮದ್ದಳೆ, ಕಡಿಯುವ ನೆಟ್: ನೇರ ಧ್ವನಿಪ್ರಸಾರದ ದೋಷ ಪತ್ತೆ ಮತ್ತು ಪರಿಹಾರ

ನೇರ ಧ್ವನಿಪ್ರಸಾರ ಎಂದರೆ ಮೈಕಿಗೆ ಬಿದ್ದ ಸ್ವರವನ್ನು ಆಗಿಂದಾಗಲೇ ಡಿಜಿಟಲ್ ರೂಪಕ್ಕೆ ಇಳಿಸಿ, ಅಂತರಜಾಲದ ಮೂಲಕ ದೂರದ ಕೇಳುಗರಿಗೆ ಮುಟ್ಟಿಸುವ ಕೆಲಸ. ಊರಿನ ಜನ ಇದನ್ನು ಚುಟುಕಾಗಿ ‘ಲೈವ್’ ಎನ್ನುತ್ತಾರೆ. ಮೈಕಿನಿಂದ ಕೇಳುಗರ ಕಿವಿಯವರೆಗೆ ಸ್ವರ ಹಾಯುವ ಹಂತಗಳು ಹಲವು. ಅವುಗಳಲ್ಲಿ ಒಂದೆರಡಾದರೂ ತಂತಿಯಿಲ್ಲದವು: ಸಭಾಭವನದ ವೈ-ಫೈ, ಫೋನಿನಿಂದ ಟವರಿಗೆ ಹೋಗುವ ಮೊಬೈಲ್ ಸಂಪರ್ಕ, ಕೆಲವೆಡೆ ಒಂದು ಗುಡ್ಡೆಯ ಟವರಿನಿಂದ ಇನ್ನೊಂದು ಗುಡ್ಡೆಯ ಟವರಿಗೆ ಹಾಯುವ ಮೈಕ್ರೋವೇವ್ ಕೊಂಡಿ. ಸ್ವರ ಕಡಿಯುವುದು ಹೆಚ್ಚಾಗಿ ಇಲ್ಲಿಯೇ. ಆದರೆ ಯಾವ ಹಂತದಲ್ಲಿ ಕಡಿಯಿತು ಎಂದು ತಿಳಿಯದೆ ಹೋದರೆ ರೂಟರ್ ಬದಲಾಯಿಸಿದರೂ ಸಿಮ್ ಬದಲಾಯಿಸಿದರೂ ಫಲವಿಲ್ಲ.

ಚಿತ್ರ ಎರಡು ಸೆಕೆಂಡು ನಿಂತರೆ ನೋಡುಗರು ಸಹಿಸುತ್ತಾರೆ. ತಾಳಮದ್ದಳೆಯಲ್ಲಿ ಕುಳಿತು ಪಾತ್ರದ ಮಾತು ಹೇಳುವ ಅರ್ಥಧಾರಿಯ ಸ್ವರ ಎರಡು ಸೆಕೆಂಡು ಹೋದರೆ ಪ್ರಶ್ನೆಯೇ ಕೇಳಿಸದೆ ಉತ್ತರ ಮಾತ್ರ ಕೇಳಿಸುತ್ತದೆ. ಆದ್ದರಿಂದ ನೇರಪ್ರಸಾರದಲ್ಲಿ ಮೊದಲು ಕಾಪಾಡಬೇಕಾದದ್ದು ಸ್ವರವನ್ನು.

ಪ್ರದೇಶ ಮತ್ತು ಸಂದರ್ಭ

ದಕ್ಷಿಣ ಕನ್ನಡ ಜಿಲ್ಲೆಯ ಮೆಲ್ಕಾರ್, ಬಿ.ಸಿ. ರೋಡಿನಿಂದ ನೇತ್ರಾವತಿ ಸೇತುವೆ ದಾಟಿ ಪುತ್ತೂರಿನ ಕಡೆ ಹೊರಟವರಿಗೆ ಪಾಣೆಮಂಗಳೂರಿನ ಬಳಿ ಸಿಗುವ ಪೇಟೆ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75 ಇಲ್ಲಿ ಹಾದುಹೋಗುತ್ತದೆ. ಮುಡಿಪು ಕಡೆಗಿನ ರಸ್ತೆ ಇಲ್ಲಿಂದಲೇ ಕವಲೊಡೆಯುತ್ತದೆ. ಹೆದ್ದಾರಿಯ ಬದಿಯಲ್ಲಿ ಫೋನಿಗೆ ಸಿಗ್ನಲ್ ಧಾರಾಳ. ಅಲ್ಲಿಂದ ಸ್ವಲ್ಪವೇ ಒಳಗೆ ಹೋಗಿ ಗುಡ್ಡೆಯ ಬುಡದ ಅಡಿಕೆ ತೋಟಕ್ಕೆ ಇಳಿದರೆ ಅದೇ ಫೋನು ಒದ್ದಾಡುತ್ತದೆ. ಕಲ್ಲಡ್ಕದ ದಾರಿಯ ನರಹರಿ ಪರ್ವತದಂತಹ ಎತ್ತರದ ಜಾಗದಲ್ಲಿ ನಿಂತವರ ಫೋನಿಗೆ ದೂರದೂರದ ಟವರುಗಳೂ ಕಾಣಿಸುತ್ತವೆ. ಕೆಳಗಿನ ಕಣಿವೆಯ ಮನೆಗೆ ಹತ್ತಿರದ ಟವರೇ ಮರೆಯಾಗಿರಬಹುದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ನೆಲವೆಲ್ಲ ಹೀಗೆಯೇ ಏರು ತಗ್ಗು. ಪೂರ್ವಕ್ಕೆ ಹೋದಷ್ಟೂ ಏರು ಹೆಚ್ಚು. ಬೆಳ್ತಂಗಡಿಯ ಗಡಾಯಿಕಲ್ಲು ಒಂಟಿಯಾಗಿ ಎದ್ದು ನಿಂತ ಬಂಡೆ. ಅದರ ಹಿಂದೆ ಕುದುರೆಮುಖದ ಸಾಲು, ಚಾರ್ಮಾಡಿ ಘಾಟಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆಯಿದು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ.

ನೇರಪ್ರಸಾರದ ಕಷ್ಟ ಇಲ್ಲಿ ತೀವ್ರವಾಗುವುದು ಕಲೆಯ ಋತುಮಾನದಿಂದ. ಯಕ್ಷಗಾನ ಮೇಳಗಳು ದೀಪಾವಳಿಯ ಅನಂತರ ತಿರುಗಾಟಕ್ಕೆ ಹೊರಟು ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿದ ಮೇಲೆ ಸಭಾಭವನಗಳಲ್ಲಿ, ದೇವಸ್ಥಾನಗಳ ಚಾವಡಿಗಳಲ್ಲಿ ತಾಳಮದ್ದಳೆ ಕೂಟಗಳು ಶುರುವಾಗುತ್ತವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಹಿಮ್ಮೇಳ ಮತ್ತು ಕುಳಿತು ಹೇಳುವ ಅರ್ಥವೇ ಅದರ ಸರ್ವಸ್ವ. ಧ್ವನಿಪ್ರಸಾರಕ್ಕೆ ಇಷ್ಟು ಒಗ್ಗುವ ಕಲೆ ಇನ್ನೊಂದಿಲ್ಲ. ಆದರೆ ಅದರ ಕಾಲ ಬರುವುದು ಕರೆಂಟು, ಟವರು, ಕೇಬಲ್ ಎಲ್ಲವೂ ಕೈಕೊಡುವ ಆಷಾಢ–ಶ್ರಾವಣದಲ್ಲಿ.

ಕೇಳುಗರು ಊರಿನಲ್ಲಷ್ಟೇ ಇಲ್ಲ. ಮುಂಬಯಿ, ದುಬೈ, ಮಸ್ಕತ್, ಬಹ್ರೈನ್‌ಗಳಲ್ಲಿ ಕರಾವಳಿಯ ಸಾವಿರಾರು ಕುಟುಂಬಗಳಿವೆ. ಇಲ್ಲಿ ರಾತ್ರಿ 9.30ಕ್ಕೆ ಭಾಗವತರು ಪದ ಎತ್ತುವಾಗ ದುಬೈಯಲ್ಲಿ 8 ಗಂಟೆ, ಬಹ್ರೈನಿನಲ್ಲಿ 7. ಕೆಲಸ ಮುಗಿಸಿ ಬಂದವರು ಊಟದ ಹೊತ್ತಿಗೆ ಫೋನಿನಲ್ಲಿ ಊರಿನ ಕೂಟ ಹಚ್ಚಿಕೊಳ್ಳುವ ಸಮಯವದು.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಬಾನುಲಿಯ ಚರಿತ್ರೆ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ತೆರೆದ ಖಾಸಗಿ ಕೇಂದ್ರದಿಂದ ಆರಂಭವಾಗುತ್ತದೆ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು; ಯಕ್ಷಗಾನ ಮತ್ತು ತಾಳಮದ್ದಳೆಯನ್ನು ಕರಾವಳಿಯ ಮನೆಮನೆಗೆ ತಲುಪಿಸಿತು. ಕ್ಯಾಸೆಟ್ ಕಾಲದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ಅರ್ಥಗಾರಿಕೆ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ರೇಡಿಯೋದಲ್ಲಿ ಒಂದೇ ಪ್ರಸಾರಯಂತ್ರದ ಅಲೆಯನ್ನು ಎಷ್ಟು ಜನ ಹಿಡಿದರೂ ಅದಕ್ಕೆ ಹೊರೆಯಿಲ್ಲ. ಅಂತರಜಾಲದ ಪ್ರಸಾರದಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಸರ್ವರಿನಿಂದ ಪ್ರತ್ಯೇಕ ಪ್ರತಿ ಹೋಗಬೇಕು.

ಅಂತರಜಾಲದಲ್ಲಿ ಧ್ವನಿ ಹರಿಸುವುದನ್ನು ಜನಪ್ರಿಯಗೊಳಿಸಿದ್ದು 1995ರ ಏಪ್ರಿಲಿನಲ್ಲಿ ಬಂದ ರಿಯಲ್‌ಆಡಿಯೋ. ಅದೇ ವರ್ಷದ ಸೆಪ್ಟೆಂಬರ್ 5ರಂದು ಅಮೆರಿಕದ ಒಂದು ಬೇಸ್‌ಬಾಲ್ ಪಂದ್ಯದ ವೀಕ್ಷಕವಿವರಣೆ ಅದರ ಮೂಲಕ ನೇರವಾಗಿ ಹರಿಯಿತು. ಭಾರತದಲ್ಲಿ ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಅಂತರಜಾಲ ತೆರೆದದ್ದೂ 1995ರ ಆಗಸ್ಟ್ 15ರಂದೇ. 1998ರಿಂದಾಚೆ ಶೌಟ್‌ಕಾಸ್ಟ್, ಐಸ್‌ಕಾಸ್ಟ್ ತಂತ್ರಾಂಶಗಳು ಬಂದು ಯಾರು ಬೇಕಾದರೂ ಅಂತರಜಾಲ ರೇಡಿಯೋ ನಡೆಸುವಂತಾಯಿತು. 2016ರ ಏಪ್ರಿಲಿನಲ್ಲಿ ಫೇಸ್‌ಬುಕ್ ಲೈವ್ ಎಲ್ಲರಿಗೂ ಸಿಕ್ಕಿತು, ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾಗಿ ಡೇಟಾ ಅಗ್ಗವಾಯಿತು. ಆ ಮೇಲೆ ಕರಾವಳಿಯ ಜಾತ್ರೆ, ಬ್ರಹ್ಮಕಲಶ, ಕಂಬಳ, ಯಕ್ಷಗಾನದ ಆಟ, ತಾಳಮದ್ದಳೆಯ ಕೂಟ ಎಲ್ಲಕ್ಕೂ ಲೈವ್ ಎಂಬುದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗುವ ಸಂಗತಿಯಾಯಿತು.

2020ರ ಮಾರ್ಚಿನ ಲಾಕ್‌ಡೌನ್ ಮೇಳಗಳ ತಿರುಗಾಟವನ್ನು ನಡುವಿನಲ್ಲೇ ನಿಲ್ಲಿಸಿದಾಗ ಲೈವ್ ಅನಿವಾರ್ಯವೂ ಆಯಿತು. ಆ ಕಾಲದಲ್ಲಿ ಹಳ್ಳಿಯ ಜಾಲ ಎಷ್ಟು ತೆಳ್ಳಗಿದೆ ಎಂಬುದು ದೇಶಕ್ಕೇ ಗೊತ್ತಾಯಿತು. 2021ರ ಜೂನಿನಲ್ಲಿ ಇದೇ ಜಿಲ್ಲೆಯ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ವಿದ್ಯಾರ್ಥಿನಿಯೊಬ್ಬಳು ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ, ತಂದೆ ಸುರಿಯುವ ಮಳೆಯಲ್ಲಿ ಅವಳಿಗೆ ಕೊಡೆ ಹಿಡಿದು ನಿಂತಿದ್ದ ಚಿತ್ರ ಎಲ್ಲೆಡೆ ಹರಿದಾಡಿತು.

ಸ್ವರ ಸಾಗುವ ಬಗೆ

ಮಿಕ್ಸರಿನಿಂದ ಬಂದ ಸ್ವರವನ್ನು ಸೆಕೆಂಡಿಗೆ 48,000 ಬಾರಿ ಅಳೆದು ಸಂಖ್ಯೆಗಳಾಗಿ ಮಾಡುತ್ತಾರೆ. ಇಷ್ಟು ಸಂಖ್ಯೆಗಳನ್ನು ಹಾಗೆಯೇ ಕಳಿಸಿದರೆ ಜಾಲಕ್ಕೆ ಭಾರ. ಆದ್ದರಿಂದ ಕೋಡೆಕ್ ಎಂಬ ತಂತ್ರಾಂಶ ಕಿವಿಗೆ ಗೊತ್ತಾಗದ ಅಂಶಗಳನ್ನು ಬಿಟ್ಟು ಉಳಿದುದನ್ನು ಅಡಕ ಮಾಡುತ್ತದೆ. ಎಂಪಿ3, ಎಎಸಿ ಹಳೆಯವು. 2012ರ ಸೆಪ್ಟೆಂಬರಿನಲ್ಲಿ ಮಾನಕವಾದ ಓಪಸ್ ಈ ಕೆಲಸಕ್ಕೆ ಇಂದು ಹೆಚ್ಚು ಮೆಚ್ಚಿನದು. ಸೆಕೆಂಡಿಗೆ 6 ಕಿಲೋಬಿಟ್‌ನಿಂದ 510 ಕಿಲೋಬಿಟ್‌ವರೆಗೆ ಅದು ಕುಗ್ಗಿ ಹಿಗ್ಗಬಲ್ಲದು. ಮಾತಿಗೆ ಒಂದು ವಿಧಾನ, ಸಂಗೀತಕ್ಕೆ ಇನ್ನೊಂದು ವಿಧಾನ ಅದರೊಳಗೇ ಇವೆ.

ಓಪಸ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಸ್ವರವನ್ನು ಒಂದು ಪ್ಯಾಕೆಟ್ ಆಗಿ ಕಟ್ಟುತ್ತದೆ. 64 ಕಿಲೋಬಿಟ್ ದರದಲ್ಲಿ ಒಂದು ಪ್ಯಾಕೆಟ್ಟಿನ ಸ್ವರ 160 ಬೈಟ್. ಅದರ ಮೇಲೆ ವಿಳಾಸ, ಕ್ರಮಸಂಖ್ಯೆ ಇತ್ಯಾದಿ ಬರೆದ ಹೊದಿಕೆ 40 ಬೈಟ್. ಸೆಕೆಂಡಿಗೆ ಇಂತಹ 50 ಪ್ಯಾಕೆಟ್ ಹೋಗಬೇಕು, ಅಂದರೆ ಜಾಲದ ಮೇಲೆ ಬೀಳುವ ಭಾರ 80 ಕಿಲೋಬಿಟ್. ಆರು ಗಂಟೆಯ ಪ್ರಸಂಗಕ್ಕೆ ಸ್ವರದ ಲೆಕ್ಕ ಸುಮಾರು 173 ಎಂ.ಬಿ., ಹೊದಿಕೆ ಸೇರಿದರೆ 216 ಎಂ.ಬಿ. ಇಂದಿನ ಯಾವ ಡೇಟಾ ಪ್ಯಾಕಿಗೂ ಇದು ದೊಡ್ಡದಲ್ಲ.

ಹಾಗಾದರೆ ಸ್ವರ ಕಡಿಯುವುದೇಕೆ? ವೇಗ ಸಾಲದೆ ಅಲ್ಲ. ವೇಗ ಒಂದೇ ಸಮ ಇಲ್ಲದೆ. ಪ್ಯಾಕೆಟ್ಟುಗಳು ಕಳೆದುಹೋಗಬಹುದು, ತಡವಾಗಬಹುದು, ಒಂದು ಬೇಗ ಇನ್ನೊಂದು ನಿಧಾನವಾಗಿ ಬರಬಹುದು. ಈ ಮೂರನೆಯದನ್ನು ಜಿಟ್ಟರ್ ಎನ್ನುತ್ತಾರೆ. ಸ್ಪೀಡ್ ಟೆಸ್ಟಿನಲ್ಲಿ 20 ಮೆಗಾಬಿಟ್ ತೋರಿಸಿದ ಜಾಲವೇ ಮರುಕ್ಷಣ ಮೂರು ಸೆಕೆಂಡು ಪೂರ್ತಿ ಸುಮ್ಮನಾಗಬಹುದು. ಸರಾಸರಿಯ ಲೆಕ್ಕದಲ್ಲಿ ಆ ಮೂರು ಸೆಕೆಂಡು ಕಾಣುವುದಿಲ್ಲ. ಕೇಳುಗನಿಗೆ ಕಾಣುವುದು ಅದೊಂದೇ.

ಮೂಲದಲ್ಲೇ ಇರುವ ದೋಷಗಳು

ನೆಟ್ಟಿನ ದೋಷ ಎಂದು ಬೈಯಿಸಿಕೊಳ್ಳುವ ಹಲವು ತೊಂದರೆಗಳು ಮಿಕ್ಸರಿನ ಬುಡದಲ್ಲೇ ಇರುತ್ತವೆ. ಸೌಂಡ್ಸ್‌ನವರ ಮಿಕ್ಸರಿನಿಂದ ಬರುವ ಲೈನ್ ಮಟ್ಟದ ಸಂಕೇತ ಫೋನಿನ ಮೈಕ್ ತೂತಿಗೆ ತುಂಬ ಜೋರು. ನೇರ ಸಿಕ್ಕಿಸಿದರೆ ಸ್ವರ ಒಡೆಯುತ್ತದೆ. ಆ ಒಡಕನ್ನು ಮುಂದಿನ ಯಾವ ಹಂತದಲ್ಲೂ ಸರಿಮಾಡಲಾಗದು. ನಡುವೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಇಡುವುದು ಸರಿಯಾದ ದಾರಿ. ‘ಗುಂಯ್’ ಎಂಬ 50 ಹರ್ಟ್ಜ್ ಸದ್ದು ಒಂದೇ ಸಮನೆ ಇದ್ದರೆ ಕಾರಣ ಅರ್ತ್. ಲ್ಯಾಪ್‌ಟಾಪ್ ಒಂದು ಪ್ಲಗ್ಗಿನಲ್ಲಿ, ಮಿಕ್ಸರ್ ದೂರದ ಇನ್ನೊಂದು ಪ್ಲಗ್ಗಿನಲ್ಲಿ ಇದ್ದಾಗ ಇದು ಹೆಚ್ಚು. ಎರಡನ್ನೂ ಒಂದೇ ಪ್ಲಗ್ಗಿಗೆ ತರುವುದು ಅಥವಾ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುವುದು ಪರಿಹಾರ.

ಚೆಂಡೆಯ ಏಟು ಇನ್ನೊಂದು ಪರೀಕ್ಷೆ. ಅರ್ಥಧಾರಿ ಮೆಲುದನಿಯಲ್ಲಿ ಪೀಠಿಕೆ ಹಾಕುವಾಗ ಸರಿಯಾಗಿದ್ದ ಮಟ್ಟ, ಯುದ್ಧದ ಪದಕ್ಕೆ ಚೆಂಡೆ ಬಿದ್ದ ಕೂಡಲೇ ಕೆಂಪು ಗೆರೆ ದಾಟುತ್ತದೆ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರ (1938–2023) ಏರು ಶ್ರುತಿಯ ಹಾಡಿಕೆ ಕೇಳಿದವರಿಗೆ ಈ ಏರಿಳಿತದ ಅಂದಾಜು ಇರುತ್ತದೆ. ಮಾತಿನ ಮಟ್ಟವನ್ನು ಗರಿಷ್ಠಕ್ಕಿಂತ 18 ಡೆಸಿಬೆಲ್‌ನಷ್ಟು ಕೆಳಗಿಟ್ಟು, ಮೇಲೆ ಮಿತಿ ಮೀರುವ ಸದ್ದನ್ನು ತಗ್ಗಿಸುವ ಲಿಮಿಟರ್ ಕೂರಿಸಿದರೆ ಚೆಂಡೆಗೂ ಜಾಗ ಉಳಿಯುತ್ತದೆ.

ಮೀಟಿಂಗ್ ಆ್ಯಪ್‌ಗಳಲ್ಲಿ ಮತ್ತು ಫೋನಿನ ಕರೆಯಲ್ಲಿ ಗದ್ದಲ ತಗ್ಗಿಸುವ ವ್ಯವಸ್ಥೆ ಇರುತ್ತದೆ. ಅದು ಮನುಷ್ಯರ ಮಾತನ್ನಷ್ಟೇ ಉಳಿಸಿಕೊಂಡು ಒಂದೇ ಸಮ ಬರುವ ಸದ್ದನ್ನು ಅಳಿಸಲು ರೂಪುಗೊಂಡದ್ದು. ಹಾರ್ಮೋನಿಯಂ ಶ್ರುತಿ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ಚಕ್ರತಾಳ, ಮದ್ದಳೆ ಎಲ್ಲ ಗದ್ದಲ. ಭಾಗವತರ ಆಲಾಪ ದೀರ್ಘವಾದರೆ ಅದನ್ನೂ ಮೆಲ್ಲಗೆ ಒತ್ತಿಬಿಡುತ್ತದೆ. ಕೇಳುಗರು ‘ಶ್ರುತಿಯೇ ಕೇಳುವುದಿಲ್ಲ, ಹಾಡು ಬಂದು ಬಂದು ಹೋಗುತ್ತದೆ’ ಎಂದು ದೂರಿದರೆ ಟವರನ್ನು ನೋಡುವ ಮುನ್ನ ಆ್ಯಪ್‌ನ ಗದ್ದಲ ನಿವಾರಣೆ, ಪ್ರತಿಧ್ವನಿ ನಿವಾರಣೆ, ತಾನಾಗಿ ಮಟ್ಟ ಏರಿಸುವ ಸೌಲಭ್ಯ ಮೂರನ್ನೂ ಆರಿಸಬೇಕು. ಝೂಮ್‌ನಲ್ಲಿ ಇದಕ್ಕೆ ಮೂಲಧ್ವನಿ ಎಂಬ ಆಯ್ಕೆಯೇ ಇದೆ.

ಗಡಿಯಾರದ ವ್ಯತ್ಯಾಸ ಸೂಕ್ಷ್ಮವಾದದ್ದು. ಇಂಟರ್‌ಫೇಸಿನ ಸ್ಫಟಿಕ ಗಡಿಯಾರಕ್ಕೂ ಕಂಪ್ಯೂಟರಿನದಕ್ಕೂ ಹತ್ತು ಲಕ್ಷದಲ್ಲಿ 50 ಭಾಗ ವ್ಯತ್ಯಾಸವಿದ್ದರೆ ಗಂಟೆಗೆ 180 ಮಿಲಿಸೆಕೆಂಡು, ಆರು ಗಂಟೆಯಲ್ಲಿ ಒಂದು ಸೆಕೆಂಡಿಗೂ ಹೆಚ್ಚು ಅಂತರ ಬೀಳುತ್ತದೆ. ನಿಯಮಿತವಾಗಿ ಕೇಳುವ ‘ಟಪ್’ ಸದ್ದಿಗೆ ಅನೇಕ ಸಲ ಇದೇ ಕಾರಣ. ಎಲ್ಲ ಸಾಧನಗಳನ್ನೂ 48 ಕಿಲೋಹರ್ಟ್ಜ್‌ಗೇ ಹೊಂದಿಸಿ, ಸ್ವರವನ್ನು ಅಡಕ ಮಾಡಿ ಕಳಿಸುವ ಎನ್‌ಕೋಡರಿನಲ್ಲಿ ಮರುಹೊಂದಿಸುವ ಆಯ್ಕೆ ಹಾಕಬೇಕು.

ವೈ-ಫೈ ಹಂತ

ವೈ-ಫೈ ಪರವಾನಗಿ ಬೇಡದ ತರಂಗಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಜ್‌ನಲ್ಲಿ ಒಂದಕ್ಕೊಂದು ತಾಗದ ಚಾನಲ್‌ಗಳು ಮೂರೇ: 1, 6, 11. ಸಭಾಭವನದಲ್ಲಿ ಮುನ್ನೂರು ಜನ ಬಂದು ಕುಳಿತರೆ ಅವರ ಫೋನು, ಬ್ಲೂಟೂತ್, ಹಾಟ್‌ಸ್ಪಾಟ್ ಎಲ್ಲ ಇದೇ ಜಾಗದಲ್ಲಿ ತುಂಬುತ್ತವೆ. ಕಾಲರಿಗೆ ಸಿಕ್ಕಿಸುವ ಅಗ್ಗದ ಕಾರ್ಡ್‌ಲೆಸ್ ಮೈಕುಗಳೂ ಹೆಚ್ಚಿನವು 2.4ರವೇ. ಮಧ್ಯಾಹ್ನ ಖಾಲಿ ಸಭಾಭವನದಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿದ್ದ ಲೈವ್ ಸಂಜೆ ಜನ ಸೇರಿದ ಮೇಲೆ ಕೆಡುವುದು ಇದರಿಂದ. ಮನುಷ್ಯರ ದೇಹವೂ ಈ ತರಂಗವನ್ನು ಹೀರುತ್ತದೆ. ರೂಟರನ್ನು ತಲೆಗಳ ಮಟ್ಟಕ್ಕಿಂತ ಮೇಲೆ, ಕಂಬಕ್ಕೆ ಕಟ್ಟಿ ಇಡುವುದು ಅದಕ್ಕೇ.

2018ರಲ್ಲಿ ಕೇಂದ್ರ ಸರಕಾರ 5 ಗಿಗಾಹರ್ಟ್ಜ್‌ನ ಹೆಚ್ಚಿನ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಅಲ್ಲಿ ಚಾನಲ್ ಹೆಚ್ಚು, ಗದ್ದಲ ಕಡಿಮೆ. ಆದರೆ ಕೆಂಪುಕಲ್ಲಿನ ದಪ್ಪ ಗೋಡೆ ದಾಟುವ ಶಕ್ತಿ ಇನ್ನೂ ಕಡಿಮೆ. ತಗಡಿನ ಶೀಟು ಹಾಸಿದ ಚಪ್ಪರ 2.4, 5 ಎರಡನ್ನೂ ತಡೆಯುತ್ತದೆ. ಎನ್‌ಕೋಡರ್ ಇರುವ ಲ್ಯಾಪ್‌ಟಾಪಿಗೆ ರೂಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆದುಬಿಟ್ಟರೆ ಈ ಇಡೀ ಹಂತದ ತಂಟೆಯೇ ಇರುವುದಿಲ್ಲ. ತಾಮ್ರದ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಹೋಗುತ್ತದೆ. ಚಾವಡಿಯಿಂದ ಕಚೇರಿ ಕೋಣೆಗೆ ಅಷ್ಟು ಧಾರಾಳ ಸಾಕು.

ದೇವಸ್ಥಾನದಲ್ಲಿ ಫೈಬರ್ ಇಲ್ಲ, ಕಣಿವೆಯಾಚೆಯ ಮನೆಯಲ್ಲಿ ಇದೆ ಎಂದಾದರೆ ಎರಡು ತುದಿಗೆ 5.8 ಗಿಗಾಹರ್ಟ್ಜ್ ಡಿಶ್ ಕಟ್ಟಿ ನೇರ ಕೊಂಡಿ ಹಾಕಬಹುದು. ಎರಡು ತುದಿ ಪರಸ್ಪರ ಕಣ್ಣಿಗೆ ಕಂಡರಷ್ಟೇ ಸಾಲದು. ಒಂದು ಕಿಲೋಮೀಟರ್ ದೂರದ ಕೊಂಡಿಗೆ ನಟ್ಟನಡುವೆ ದೃಷ್ಟಿರೇಖೆಯ ಸುತ್ತ ಸುಮಾರು ಮೂರೂವರೆ ಮೀಟರ್ ಖಾಲಿ ಜಾಗ ಬೇಕು. ಕಂಗಿನ ತಲೆ ಆ ವಲಯಕ್ಕೆ ಬಂದರೆ, ಗಾಳಿ ಬೀಸಿದಾಗಲೆಲ್ಲ ಸಂಪರ್ಕ ಏರಿಳಿಯುತ್ತದೆ.

ಮೊಬೈಲ್ ಜಾಲ, ಗುಡ್ಡೆ ಮತ್ತು ಮಳೆ

ಫೋನಿನಲ್ಲಿ ನಾಲ್ಕು ಕಡ್ಡಿ ತುಂಬಿದ್ದರೂ ಲೈವ್ ಹೋಗದಿರುವುದು ಸಾಮಾನ್ಯ ದೂರು. ಕಡ್ಡಿ ತೋರಿಸುವುದು ಟವರಿನಿಂದ ಫೋನಿಗೆ ಬರುವ ಬಲವನ್ನು. ಲೈವ್‌ಗೆ ಬೇಕಾದದ್ದು ಫೋನಿನಿಂದ ಟವರಿಗೆ ಹೋಗುವ ಬಲ. ಟವರಿನ ಪ್ರಸಾರಯಂತ್ರದ ಶಕ್ತಿ ಹತ್ತಾರು ವ್ಯಾಟ್. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್. ಟವರಿನ ಮಾತು ಫೋನಿಗೆ ಕೇಳಿದರೂ ಫೋನಿನ ಮಾತು ಟವರಿಗೆ ಕೇಳದ ಅಂಚಿನ ಜಾಗಗಳು ಗುಡ್ಡಗಾಡಿನಲ್ಲಿ ಬಹಳ. ಅದರ ಮೇಲೆ, 2300 ಮೆಗಾಹರ್ಟ್ಜ್‌ನ ಜಾಲದಲ್ಲಿ ಏರಿಕೆಗೂ (ಫೋನಿನಿಂದ ಟವರಿಗೆ) ಇಳಿಕೆಗೂ (ಟವರಿನಿಂದ ಫೋನಿಗೆ) ಒಂದೇ ತರಂಗವನ್ನು ಕಾಲ ಹಂಚಿ ಬಳಸುತ್ತಾರೆ. ಹೆಚ್ಚಿನ ಪಾಲು ಇಳಿಕೆಗೆ ಮೀಸಲು. ಅಂಚಿನ ಊರಿನಲ್ಲಿ 850 ಅಥವಾ 700 ಮೆಗಾಹರ್ಟ್ಜ್‌ನ ಸಂಪರ್ಕ ನಿಧಾನವಾದರೂ ನಂಬಿಕೆಗೆ ಅರ್ಹ, ಏಕೆಂದರೆ ಕಡಿಮೆ ಆವರ್ತನದ ಅಲೆ ಗುಡ್ಡೆಯ ಅಂಚಿನಲ್ಲಿ ಬಾಗಿ ಇನ್ನಷ್ಟು ದೂರ ಹೋಗುತ್ತದೆ.

ಜಾತ್ರೆಯ ದಿನದ ತೊಂದರೆ ಬೇರೆ. ಪೊಳಲಿಯ ಚೆಂಡು ಉತ್ಸವ, ಧರ್ಮಸ್ಥಳದ ಲಕ್ಷದೀಪೋತ್ಸವ, ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನಂತಹ ಸಂದರ್ಭಗಳಲ್ಲಿ ಒಂದೇ ಟವರಿಗೆ ಸಾವಿರಾರು ಫೋನುಗಳು ಜೋತುಬೀಳುತ್ತವೆ. ಸಿಗ್ನಲ್ ಬಲ ಕುಗ್ಗುವುದಿಲ್ಲ, ಸರದಿ ಉದ್ದವಾಗುತ್ತದೆ. ಆಗ ಬೇರೆ ಕಂಪೆನಿಯ ಸಿಮ್, ಅಥವಾ ಮೊದಲೇ ಹಾಕಿಸಿಕೊಂಡ ಫೈಬರ್ ಮಾತ್ರ ಉಳಿಸುತ್ತದೆ.

‘ಮಳೆ ಬಂದರೆ ನೆಟ್ ಹೋಗುತ್ತದೆ’ ಎಂಬ ಮಾತಿನಲ್ಲಿ ಸತ್ಯವಿದೆ, ಆದರೆ ಕಾರಣ ಜನ ಅಂದುಕೊಂಡದ್ದಲ್ಲ. ಗಂಟೆಗೆ 100 ಮಿ.ಮೀ. ದರದ ಭಾರೀ ಮಳೆಯಲ್ಲೂ 2.4 ಗಿಗಾಹರ್ಟ್ಜ್ ಅಲೆಗೆ ಕಿಲೋಮೀಟರಿಗೆ ಆಗುವ ನಷ್ಟ ಒಂದು ಡೆಸಿಬೆಲ್‌ನ ನೂರರಲ್ಲಿ ಎರಡು ಭಾಗದಷ್ಟು. ಫೋನು ಮತ್ತು ಟವರಿನ ನಡುವೆ ಮಳೆಹನಿ ಅಡ್ಡಿಯೇ ಅಲ್ಲ. ನೆನೆದ ಎಲೆಗಳು ಅಡ್ಡಿ. ಒಣ ತೋಟಕ್ಕಿಂತ ತೊಯ್ದ ತೋಟ ಹೆಚ್ಚು ಹೀರುತ್ತದೆ. ಟವರಿನಿಂದ ಟವರಿಗೆ ಹೋಗುವ 18 ಗಿಗಾಹರ್ಟ್ಜ್ ಆಸುಪಾಸಿನ ಮೈಕ್ರೋವೇವ್ ಕೊಂಡಿಗೆ ಅದೇ ಮಳೆಯಲ್ಲಿ ಕಿಲೋಮೀಟರಿಗೆ ಸುಮಾರು 10 ಡೆಸಿಬೆಲ್ ನಷ್ಟ, ಅಂದರೆ ಪ್ರತಿ ಕಿಲೋಮೀಟರಿಗೆ ಶಕ್ತಿ ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಫೋನಿನಲ್ಲಿ ಕಡ್ಡಿ ತುಂಬಿದ್ದು ಡೇಟಾ ಮಾತ್ರ ಸತ್ತಿದ್ದರೆ ಸಂಶಯ ಪಡಬೇಕಾದದ್ದು ಈ ಹಿಂಬದಿಯ ಕೊಂಡಿಯನ್ನು.

ಉಳಿದ ಕಾರಣಗಳು ನೆಲದ ಮೇಲಿನವು. ಮರ ಬಿದ್ದು ವಿದ್ಯುತ್ ತಂತಿ ಕಡಿದರೆ ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಟವರೇ ಮಲಗುತ್ತದೆ. ರಸ್ತೆ ಅಗಲಗೊಳಿಸುವ ಕಡೆಗಳಲ್ಲಿ ಜೆಸಿಬಿ ನೆಲದಡಿಯ ಕೇಬಲಿಗೆ ತಾಗುತ್ತದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದ ಹಾಗೆ ಗುಡ್ಡ ಜರಿದರೆ ರಸ್ತೆಬದಿಯ ಕಂಬ, ಕೇಬಲ್ ಎಲ್ಲವೂ ಹೋಗುತ್ತವೆ. ಮಳೆಗಾಲದ ಮುನ್ನ ಹಾಗೂ ಕೊನೆಗೆ ಬರುವ ಸಿಡಿಲು ತಾಮ್ರದ ತಂತಿಯ ಮೂಲಕ ನುಗ್ಗಿ ರೂಟರನ್ನೇ ಸುಡುತ್ತದೆ.

ಸಾಗಾಟದ ಕ್ರಮ ಮತ್ತು ಬಫರ್

ಪ್ಯಾಕೆಟ್ ಸಾಗಿಸಲು ಎರಡು ಮುಖ್ಯ ಕ್ರಮಗಳಿವೆ. ಟಿಸಿಪಿ ಕ್ರಮದಲ್ಲಿ ಒಂದು ಪ್ಯಾಕೆಟ್ ಕಳೆದರೂ ಅದನ್ನು ಮರಳಿ ತರಿಸುವವರೆಗೆ ಅದರ ನಂತರ ಬಂದವೆಲ್ಲ ಕಾಯಬೇಕು. ಸ್ವರ ನಿಲ್ಲುತ್ತದೆ, ಆದರೆ ಮಾತು ಕಳೆಯುವುದಿಲ್ಲ. ಯುಡಿಪಿ ಕ್ರಮದಲ್ಲಿ ಕಳೆದದ್ದು ಕಳೆದಂತೆಯೇ. ಸ್ವರ ನಿಲ್ಲುವುದಿಲ್ಲ, ನಡುವೆ ತೂತು ಬೀಳುತ್ತದೆ. ಕೋಡೆಕ್ ಆ ತೂತನ್ನು ಊಹೆಯಿಂದ ತುಂಬುತ್ತದೆ. ತೂತು ಹೆಚ್ಚಾದರೆ ಮಾತು ಯಂತ್ರದ ದನಿಯಂತೆ ಕೇಳುತ್ತದೆ. ಓಪಸ್‌ನಲ್ಲಿ ಹಿಂದಿನ ತುಣುಕಿನ ಸಣ್ಣ ನಕಲನ್ನು ಮುಂದಿನ ಪ್ಯಾಕೆಟ್ಟಿನಲ್ಲಿ ಇಡುವ ಸೌಲಭ್ಯವಿದೆ. ಬಿಡಿಬಿಡಿಯಾಗಿ ಕಳೆಯುವ ಪ್ಯಾಕೆಟ್ಟಿಗೆ ಅದು ಮದ್ದು, ಒಟ್ಟಿಗೆ ಇಪ್ಪತ್ತು ಕಳೆದರೆ ಅಲ್ಲ. 2017ರಲ್ಲಿ ಮುಕ್ತವಾದ ಎಸ್‌ಆರ್‌ಟಿ ಇವೆರಡರ ನಡುವಿನ ದಾರಿ: ನಿಗದಿತ ಸಮಯದೊಳಗೆ ಮರಳಿ ತರಿಸಲಾದರೆ ತರಿಸುತ್ತದೆ, ಆಗದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ.

ಕೇಳುಗರ ಕಡೆಯ ಬಫರ್ ಮನೆಯ ಮೇಲಿನ ನೀರಿನ ಟ್ಯಾಂಕಿಯಂತೆ. ಪಂಚಾಯತಿ ನೀರು ಬಿಟ್ಟುಬಿಟ್ಟು ಬಂದರೂ ಕೆಳಗಿನ ನಲ್ಲಿ ಒಂದೇ ಸಮ ಹರಿಯುತ್ತದೆ. ಜಾಲ ನಾಲ್ಕು ಸೆಕೆಂಡು ಸುಮ್ಮನಾಗುವುದು ವಾಡಿಕೆಯಾಗಿದ್ದರೆ ಬಫರ್ ನಾಲ್ಕಕ್ಕಿಂತ ಹೆಚ್ಚಿರಬೇಕು. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್ ಕ್ರಮದಲ್ಲಿ ಆರು ಸೆಕೆಂಡಿನ ತುಣುಕುಗಳನ್ನು ಮೂರು ಒಟ್ಟುಮಾಡಿಕೊಂಡು ಆಡಿಸುವುದು ರೂಢಿ. ದುಬೈಯ ಕೇಳುಗ 20–30 ಸೆಕೆಂಡು ಹಿಂದಿರುತ್ತಾನೆ. ಕೂಟ ಕೇಳುವವನಿಗೆ ಅದರಿಂದ ಏನೂ ಕೆಡುವುದಿಲ್ಲ.

ಕಲಾವಿದರೇ ಬೇರೆ ಬೇರೆ ಮನೆಗಳಲ್ಲಿ ಕುಳಿತರೆ ಲೆಕ್ಕ ತಲೆಕೆಳಗಾಗುತ್ತದೆ. ಸಂವಾದ ಸಹಜವಾಗಿ ನಡೆಯಲು ಒಮ್ಮುಖ ವಿಳಂಬ 150 ಮಿಲಿಸೆಕೆಂಡು ಮೀರಬಾರದು ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಜೊತೆಯಾಗಿ ನುಡಿಸಲು 25–30 ಮಿಲಿಸೆಕೆಂಡಿಗಿಂತ ಕಡಿಮೆ ಬೇಕು. ಹಾಗಾಗಿ ಆನ್‌ಲೈನ್ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ದೂರದಲ್ಲಿರಬಹುದು. ಭಾಗವತರು, ಮದ್ದಳೆ, ಚೆಂಡೆ ಒಂದೇ ಕೋಣೆಯಲ್ಲಿರಬೇಕು.

ದೋಷ ಪತ್ತೆ ಮಾಡುವ ಕ್ರಮ

ಅನುಭವಿ ತಂತ್ರಜ್ಞರು ಮೈಕಿನ ಕಡೆಯಿಂದ ಕೇಳುಗರ ಕಡೆಗೆ ಒಂದೊಂದೇ ಹಂತ ಪರೀಕ್ಷಿಸುತ್ತ ಹೋಗುತ್ತಾರೆ, ಒಂದು ಬಾರಿಗೆ ಒಂದೇ ಬದಲಾವಣೆ ಮಾಡುತ್ತಾರೆ.

ಮೊದಲು, ಎನ್‌ಕೋಡರ್ ಇರುವ ಲ್ಯಾಪ್‌ಟಾಪಿನಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳುವುದು. ಅಲ್ಲೇ ಒಡಕು, ಗುಂಯ್‌ಗುಡುವಿಕೆ, ‘ಟಪ್’ ಇದ್ದರೆ ಜಾಲದ ಮಾತೇ ಬೇಡ. ಅದು ಸ್ವಚ್ಛವಾಗಿದ್ದರೆ ರೂಟರಿಗೆ ಪಿಂಗ್, ಅಂದರೆ ಉತ್ತರ ಬೇಡುವ ಪುಟ್ಟ ಸಂದೇಶ, ಹೊಡೆಯುವುದು. ಅದೇ ಕೋಣೆಯ ರೂಟರಿನಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. 3, 4, 180, 5, 240 ಎಂದು ಕುಣಿದರೆ ದೋಷ ಆ ಕೋಣೆಯ ವೈ-ಫೈಯಲ್ಲೇ ಇದೆ. ಚಾನಲ್ ಬದಲಿಸಬೇಕು ಅಥವಾ ಕೇಬಲ್ ಎಳೆಯಬೇಕು. ಹೊಸ ಜಾಲ ಹುಡುಕಲೆಂದು ಲ್ಯಾಪ್‌ಟಾಪ್ ಆಗಾಗ ನಡೆಸುವ ತಪಾಸಣೆಯಿಂದಲೂ ನಿಯಮಿತ ಅಂತರದಲ್ಲಿ ಇಂತಹ ಜಿಗಿತ ಕಾಣಿಸುತ್ತದೆ.

ರೂಟರ್ ಸರಿಯಾಗಿದ್ದರೆ ಹೊರಗಿನ ಒಂದು ವಿಳಾಸಕ್ಕೆ ಹತ್ತು ನಿಮಿಷ ಬಿಡದೆ ಪಿಂಗ್. ಇಲ್ಲಿ ನೋಡಬೇಕಾದದ್ದು ಸರಾಸರಿಯನ್ನಲ್ಲ, ಅತಿ ಕೆಟ್ಟ ಉತ್ತರವನ್ನು ಮತ್ತು ಉತ್ತರವೇ ಬಾರದ ಸಾಲುಗಳು ಒಟ್ಟೊಟ್ಟಿಗೆ ಇವೆಯೇ ಎಂಬುದನ್ನು. ಬಳಿಕ ಎನ್‌ಕೋಡರಿನ ಅಂಕಿಗಳು: ಓಬಿಎಸ್ ಸ್ಟುಡಿಯೋ ತಂತ್ರಾಂಶದಲ್ಲಿ ಜಾಲದಿಂದಾಗಿ ಬಿಟ್ಟುಹೋದ ಫ್ರೇಮುಗಳ ಲೆಕ್ಕ ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ. ಅದು ಏರುತ್ತಿದ್ದರೆ ಏರಿಕೆಯ ದಾರಿ ಕಟ್ಟಿದೆ. ಅದು ಸೊನ್ನೆಯಾಗಿದ್ದೂ ಕೆಲವು ಕೇಳುಗರು ದೂರಿದರೆ ದೋಷ ಅವರ ಕಡೆಯದ್ದು. ಎಲ್ಲರೂ ಒಮ್ಮೆಲೇ ದೂರಿದರೆ ನಡುವಿನ ಸರ್ವರಿನದು.

ಪೂರ್ವಸಿದ್ಧತೆ

ಕಾರ್ಯಕ್ರಮದ ಹಿಂದಿನ ದಿನ, ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ ಅಪ್‌ಲೋಡ್ ಅಳೆದು, ಸಿಕ್ಕ ಅತಿ ಕಡಿಮೆ ಅಂಕಿಯ ಅರ್ಧವನ್ನೂ ಮೀರದಂತೆ ಬಿಟ್‌ರೇಟ್ ಇಡುವುದು ಸುರಕ್ಷಿತ. ಜಾಲ ಹದಗೆಟ್ಟರೆ ಮೊದಲು ಕೈಬಿಡಬೇಕಾದದ್ದು ಚಿತ್ರವನ್ನು. ಸ್ಥಿರಚಿತ್ರವೊಂದನ್ನು ಇಟ್ಟು, ಅದರೊಂದಿಗೆ 64 ಅಥವಾ 96 ಕಿಲೋಬಿಟ್‌ನ ಸ್ವರ ಕಳಿಸಿದರೆ ಯೂಟ್ಯೂಬಿನಲ್ಲೂ ಕೂಟ ಮುಂದುವರಿಯುತ್ತದೆ. ಮಾತಿಗಷ್ಟೇ ಆದರೆ ಓಪಸ್‌ನಲ್ಲಿ 24 ಕಿಲೋಬಿಟ್ ಸಾಕು. ಚೆಂಡೆ–ಮದ್ದಳೆ ಇರುವಲ್ಲಿ ಅಷ್ಟಕ್ಕೆ ಇಳಿಸಬಾರದು.

ಲೈವ್ ಹೋಗುವ ಫೋನಿಗೆ ಕರೆ ಬರಬಾರದು. ಕರೆ ಬಂದ ಕ್ಷಣ ಮೈಕನ್ನು ಕರೆಯ ಆ್ಯಪ್ ಕಸಿದುಕೊಳ್ಳುತ್ತದೆ. ಡೇಟಾಕ್ಕೆಂದೇ ಬೇರೆ ಸಿಮ್ ಇಟ್ಟು, ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಬೇಕು. ಹಾಟ್‌ಸ್ಪಾಟ್ ಕೊಡುವ ಫೋನನ್ನು ಕಿಟಕಿಯ ಬಳಿ, ಟವರಿನ ದಿಕ್ಕಿಗೆ, ಶೀಟಿನಡಿಯಿಂದ ಹೊರಗೆ ಇಟ್ಟು, ಅಲ್ಲಿಂದ ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಸಂಪರ್ಕ ತೆಗೆದುಕೊಳ್ಳುವುದು ಲೇಸು. ಬೇರೆ ಬೇರೆ ಕಂಪೆನಿಗಳ ಎರಡು ಮೂರು ಸಿಮ್‌ಗಳನ್ನು ಒಟ್ಟುಗೂಡಿಸಿ ಕಳಿಸುವ ಬಾಂಡಿಂಗ್ ವಿಧಾನವನ್ನು ಟಿ.ವಿ. ವಾಹಿನಿಯವರ ಬೆನ್ನುಚೀಲದ ಯಂತ್ರಗಳು ಬಳಸುತ್ತವೆ. ಸಣ್ಣ ಮಟ್ಟದಲ್ಲಿ ಅದನ್ನೇ ಮಾಡುವ ತಂತ್ರಾಂಶಗಳೂ ಇವೆ. ಆದರೆ ಎರಡೂ ಸಿಮ್ ಒಂದೇ ಟವರ್ ಕಂಬದ ಮೇಲಿನ ಯಂತ್ರಗಳಿಗೆ ಹೋಗುತ್ತಿದ್ದರೆ ಕರೆಂಟು ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಫೈಬರ್ ಇರುವಲ್ಲಿ ಗೋಡೆಯ ಮೋಡೆಮ್ ಮತ್ತು ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟರೆ ಕರೆಂಟು ಹೋಗಿ ಜನರೇಟರ್ ಹಿಡಿಯುವ ನಡುವಿನ ಅರ್ಧ ನಿಮಿಷದಲ್ಲಿ ಸಂಪರ್ಕ ಕಡಿಯುವುದಿಲ್ಲ. ಅದಿಲ್ಲದಿದ್ದರೆ ಕರೆಂಟು ಬಂದ ಮೇಲೂ ರೂಟರ್ ಎದ್ದು ಕೂರಲು ಮತ್ತೆರಡು ಮೂರು ನಿಮಿಷ ಬೇಕು.

ಈಗಿನ ಸ್ಥಿತಿ

2011ರಲ್ಲಿ ಒಪ್ಪಿಗೆ ಪಡೆದು ಬಳಿಕ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆ ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಕೆಲಸ ಮಾಡುತ್ತ ಬಂದಿದೆ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ ಜಾಲವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ ಮಂಜೂರು ಮಾಡಿತು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಲೋಕಾರ್ಪಣೆಯಾಯಿತು. 5ಜಿ 2022ರ ಅಕ್ಟೋಬರಿನಿಂದ ದೇಶದಲ್ಲಿದೆ, ಅದರ 3.5 ಗಿಗಾಹರ್ಟ್ಜ್ ಅಲೆಯ ವೇಗ ಪೇಟೆಗೆ ಒದಗಿದಷ್ಟು ಸುಲಭವಾಗಿ ಮರಗಿಡ ತುಂಬಿದ ಕಣಿವೆಗೆ ಒದಗುವುದಿಲ್ಲ.

ಇವೆಲ್ಲ ಆದ ಮೇಲೂ ಕೊನೆಯ ಕೆಲವು ನೂರು ಮೀಟರ್ ಸ್ಥಳೀಯರ ಕೈಯಲ್ಲೇ ಇದೆ. ಸಭಾಭವನ ಕಟ್ಟಿಸುವ ಸಮಿತಿಗಳು ಧ್ವನಿವರ್ಧಕಕ್ಕೆ, ದೀಪಕ್ಕೆ ಪೈಪು ಹಾಕಿಸುವಾಗಲೇ ವೇದಿಕೆಯಿಂದ ಕಚೇರಿಗೆ ಒಂದು ಲ್ಯಾನ್ ಕೇಬಲಿನ ದಾರಿ ಬಿಡಿಸಿದರೆ ಅದರ ಖರ್ಚು ಅತಿ ಕಡಿಮೆ, ಪ್ರಯೋಜನ ಪ್ರತಿ ಕೂಟಕ್ಕೂ. ಮಿಕ್ಸರಿನಿಂದ ಪ್ರತ್ಯೇಕ ತಂತಿ ತೆಗೆದು ಎಸ್‌ಡಿ ಕಾರ್ಡಿನ ರೆಕಾರ್ಡರಿಗೆ ಕೊಡುವ ಪದ್ಧತಿಯನ್ನೂ ಹಲವರು ಇಟ್ಟುಕೊಂಡಿದ್ದಾರೆ. ಲೈವ್ ಎಷ್ಟೇ ಕಡಿದರೂ ಆ ರೆಕಾರ್ಡಿಂಗ್ ಪೂರ್ತಿ ಇರುತ್ತದೆ. ಮಳೆ ನಿಂತು ನೆಟ್ ಬಂದ ಮೇಲೆ ಅದನ್ನು ಏರಿಸಿದರೆ ನಡುವೆ ಸಂಪರ್ಕ ತಪ್ಪಿದವರಿಗೂ ಪ್ರಸಂಗ ಮೊದಲಿನಿಂದ ಮಂಗಳದವರೆಗೆ ಸಿಗುತ್ತದೆ.